ಶಾಲೆಯನ್ನೇ ಅಂಗಳಕ್ಕೆ ಕೊಂಡೊಯ್ದ ತಾರಾಬಾಯಿ ಮೋಡಕ್: ಟಿ. ನರಸೀಪುರ ನೆನೆಯಬೇಕಾದ ಹೆಸರು

ನಮ್ಮ ಟಿ. ನರಸೀಪುರದವರಿಗೆ ಊರಿನ ಬಗ್ಗೆ ಒಂದು ಗುಲಗಂಜಿಯಷ್ಟು ಜಂಬ ಜಾಸ್ತಿ. ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆಯಂತೆ, ಅದಕ್ಕೇ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಂತೆ. ಕಾವೇರಿ, ಕಪಿಲೆ ಕೂಡುವ ಸಂಗಮ, ಕುಂಭಮೇಳ, ತಾಲೂಕಿನಲ್ಲೇ ಸೋಮನಾಥಪುರ, ತಲಕಾಡು, ಮುಡುಕುತೊರೆ. ಹೇಳಿಕೊಳ್ಳೋಕೆ ಬೇಕಾದಷ್ಟಿದೆ. ಆದರೆ ಇನ್ನೊಂದು ಹೆಮ್ಮೆಯನ್ನು ಮಾತ್ರ ಯಾವ ಸ್ವಾಗತ ಕಮಾನಿನ ಮೇಲೂ ನಾನು ಕಂಡಿಲ್ಲ. ಕರ್ನಾಟಕದ ಮೊಟ್ಟಮೊದಲ ಅಂಗನವಾಡಿಗಳು ಶುರುವಾಗಿದ್ದು ನಮ್ಮ ತಾಲೂಕಿನಲ್ಲಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಯೋಗವಾಗಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟಿದ್ದು ಟಿ. ನರಸೀಪುರಕ್ಕೆ, 100 ಕೇಂದ್ರಗಳೊಂದಿಗೆ.

ಆ 100 ಕೇಂದ್ರ ಇವತ್ತು ರಾಜ್ಯದಾದ್ಯಂತ 65 ಸಾವಿರಕ್ಕೂ ಹೆಚ್ಚಾಗಿದೆ. ನಾನೂ ಅಂಥದ್ದೊಂದರಲ್ಲಿ ಕೂತು ಬೆಳೆದವನೇ. ಅವ್ವ ನಾಟಿಗೆ, ಕಳೆಗೆ ಹೋಗುವಾಗ ನನ್ನನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದಳು. ಅಲ್ಲಿ ಏನು ಕಲಿತೆ ಅಂತ ಕೇಳಿದರೆ ನೆನಪಾಗುವುದು ಅಕ್ಷರ ಅಲ್ಲ. ಹುಣಸೆ ಬೀಜವನ್ನು ಅರ್ಧ ಉಜ್ಜಿ ಬೆಳ್ಳಗೆ ಮಾಡಿ ಪಗಡೆ ಥರ ಎಸೆದಿದ್ದು, ಮರಳಲ್ಲಿ ಗೂಡು ಕಟ್ಟಿದ್ದು, ಟೀಚರಮ್ಮ ಹೇಳಿಕೊಟ್ಟ ಹಾಡಿಗೆ ಕೈ ತಿರುಗಿಸಿದ್ದು. ಆಗ ಅದೊಂದು ಶಿಕ್ಷಣ ಅಂತ ನಮ್ಮ ಮನೇಲಿ ಯಾರಿಗೂ ಅನ್ನಿಸಿರಲಿಲ್ಲ. ಶಾಲೆ ಅಂದರೆ ಒಂದನೇ ಕ್ಲಾಸು, ಇದು ಅದಕ್ಕೆ ಮುಂಚಿನ ಕಾಯುವ ಕೊಠಡಿ, ಅಷ್ಟೇ.

ಹೋದ ವರ್ಷ ನಂಜನಗೂಡಿನಲ್ಲಿರುವ ಅಕ್ಕನ ಮಗಳಿಗೆ ಮೂರೂವರೆ ವರ್ಷ ತುಂಬಿತು. ಅಕ್ಕ, ಭಾವ ಇಬ್ಬರೂ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುವವರು. ಮಗಳನ್ನು ಒಂದು ಖಾಸಗಿ ಶಾಲೆಯ ಎಲ್‌ಕೆಜಿಗೆ ಹಾಕಿದರು. ಮೂರು ತಿಂಗಳಲ್ಲಿ ಡೈರಿಯಲ್ಲಿ ದೂರು ಬಂತು: ಮಗು ಪೆನ್ಸಿಲ್ ಸರಿಯಾಗಿ ಹಿಡಿಯಲ್ಲ, ಕಾಪಿ ರೈಟಿಂಗ್ ಮುಗಿಸಲ್ಲ, ಸುಮ್ಮನೆ ಆಡ್ತಾಳೆ. ಮನೆ ಎದುರಿನ ಬೀದಿಯಲ್ಲೇ ಅಂಗನವಾಡಿ ಇದೆಯಲ್ಲ, ಅಲ್ಲಿಗೆ ಕಳಿಸಬಹುದಿತ್ತಲ್ಲ ಅಂದೆ. ಅಲ್ಲಿ ಬರೀ ಆಟ ಆಡಿಸ್ತಾರೆ ಕಣೋ, ಏನೂ ಕಲಿಸಲ್ಲ ಅಂದಳು ಅಕ್ಕ. ಅಲ್ಲಿ ಆಡುವುದು ದೋಷ, ಇಲ್ಲಿ ಆಡಿಸುವುದೂ ದೋಷ. ಹಾಗಾದರೆ ಮೂರು ವರ್ಷದ ಮಗು ಎಲ್ಲಿ ಆಡಬೇಕು?

ಈ ಪ್ರಶ್ನೆ ಹಿಡಿದುಕೊಂಡು ಹೊರಟಾಗ ನನಗೆ ಸಿಕ್ಕವರು ತಾರಾಬಾಯಿ ಮೋಡಕ್. ಅಂಗನವಾಡಿ ಅನ್ನುವ ಹೆಸರು ಯಾವ ದೆಹಲಿಯ ಅಧಿಕಾರಿಯ ಟೇಬಲ್ಲಿನಲ್ಲೂ ಹುಟ್ಟಿದ್ದಲ್ಲ. ಅದು ಮಹಾರಾಷ್ಟ್ರದ ಕಡಲಂಚಿನ ಬೋರ್ಡಿ ಎಂಬ ಹಳ್ಳಿಯಲ್ಲಿ, ಈ ಹೆಂಗಸಿನ ಕೆಲಸದಲ್ಲಿ ಮೊಳೆತದ್ದು. ನಮ್ಮ ಅಂಗಳವೇ ಮರಾಠಿಯ ಅಂಗಣ. ವಾಡಿ ಅಂದರೆ ತೋಟ. ಮಕ್ಕಳ ತೋಟವನ್ನು ಮನೆಯಂಗಳಕ್ಕೇ ಕೊಂಡೊಯ್ದವರು ಅವರು. ಮಹಾರಾಷ್ಟ್ರ, ಗುಜರಾತಿನಲ್ಲಿ ಅವರ ಹೆಸರು ದೊಡ್ಡದು. 65 ಸಾವಿರ ಬೋರ್ಡುಗಳ ಮೇಲೆ ಅವರು ಕೊಟ್ಟ ಪದ ಬರೆದುಕೊಂಡಿರುವ ಕರ್ನಾಟಕದಲ್ಲಿ ಮಾತ್ರ ಅವರ ಹೆಸರು ಅಷ್ಟಾಗಿ ಕೇಳುವುದಿಲ್ಲ.

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು. ತಂದೆ ಸದಾಶಿವ ಪಾಂಡುರಂಗ ಕೇಳ್ಕರ್, ತಾಯಿ ಉಮಾಬಾಯಿ. ಇಬ್ಬರೂ ಪ್ರಾರ್ಥನಾ ಸಮಾಜದವರು. ಉಮಾಬಾಯಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮರುಮದುವೆಯಾದವರು. ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲಿ ಹೀಗೆ ಬದುಕುವುದು ಅಂದರೆ ಜಾತಿಯ ನೆಂಟರಿಷ್ಟರ ಬಾಗಿಲು ಮುಚ್ಚಿಸಿಕೊಂಡ ಹಾಗೆ. ಅಂದರೆ, ಸಮಾಜ ಹಾಕಿಕೊಟ್ಟ ಗೆರೆ ದಾಟುವುದು ತಾರಾಬಾಯಿಗೆ ಪುಸ್ತಕದಿಂದ ಬಂದ ವಿಚಾರ ಅಲ್ಲ, ತಾಯಿಯ ಬದುಕಿನಿಂದಲೇ ಬಂದದ್ದು.

1914ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಆ ಕಾಲಕ್ಕೆ ಪದವೀಧರ ಹೆಣ್ಣುಮಕ್ಕಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮೋಡಕ್ ಅನ್ನುವ ಮನೆತನಕ್ಕೆ ಮದುವೆಯಾಗಿ ಹೋದರು. ಅದು ಬಾಳಲಿಲ್ಲ. 1921ರಲ್ಲಿ ಬೇರೆಯಾದರು. ವಿಚ್ಛೇದನ ಅಂದರೆ ಇವತ್ತೂ ನಮ್ಮ ಕಡೆ ಪಂಚಾಯ್ತಿ ಸೇರುತ್ತೆ, ನೂರು ವರ್ಷದ ಹಿಂದೆ ಹೇಗಿದ್ದಿರಬೇಕು ಊಹಿಸಿ. ಆಮೇಲೆ ಅವರು ರಾಜಕೋಟದ ಬಾರ್ಟನ್ ಮಹಿಳಾ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಸಂಬಳ, ಸ್ಥಾನ, ಗೌರವ ಎಲ್ಲ ಇದ್ದ ಕೆಲಸ.

ಅದನ್ನು ಬಿಟ್ಟು 1923ರಲ್ಲಿ ಭಾವನಗರಕ್ಕೆ ಹೋದರು. ಅಲ್ಲಿ ಗಿಜುಭಾಯಿ ಬಧೇಕಾ ಅನ್ನುವ ಮನುಷ್ಯ ಇದ್ದರು. ಮೂಲತಃ ವಕೀಲರು. ಮಾಂಟೆಸ್ಸರಿಯ ಬರಹ ಓದಿ ಕೋರ್ಟು ಬಿಟ್ಟು, 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದವರು. ಗುಜರಾತಿನ ಜನ ಅವರನ್ನು ಪ್ರೀತಿಯಿಂದ ಮೀಸೆಯಿರುವ ತಾಯಿ ಅಂತ ಕರೆಯುತ್ತಿದ್ದರು. ಬಡಿಗೆ ಇಲ್ಲದ, ಬಾಯಿಪಾಠ ಇಲ್ಲದ, ಮಗು ತನ್ನಿಷ್ಟದ ಕೆಲಸ ತಾನೇ ಆರಿಸಿಕೊಳ್ಳುವ ಶಾಲೆ ಅದು. ತಾರಾಬಾಯಿ ಅಲ್ಲಿ ಒಂಬತ್ತು ವರ್ಷ ಇದ್ದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಸಂಘದ ಶಿಕ್ಷಣ ಪತ್ರಿಕೆ ಮೂಲಕ ತಂದೆ ತಾಯಂದಿರಿಗೆ ಮಗುವನ್ನು ಹೊಡೆಯಬೇಡಿ, ಹೆದರಿಸಬೇಡಿ, ಆಡಲು ಬಿಡಿ ಅಂತ ಹೇಳುವ ಕೆಲಸ ಶುರುವಾಯಿತು. ಮುಂದೆ ಅದರ ಮರಾಠಿ ಆವೃತ್ತಿಯನ್ನು ತಾರಾಬಾಯಿಯವರೇ ನಡೆಸಿದರು.

ಇಲ್ಲಿ ಮಾಂಟೆಸ್ಸರಿ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ನಂಜನಗೂಡಿನ ರಸ್ತೆಯಲ್ಲಾಗಲಿ ಮೈಸೂರಿನ ಬಡಾವಣೆಗಳಲ್ಲಾಗಲಿ ಈಗ ಮಾಂಟೆಸ್ಸರಿ ಅಂತ ಬೋರ್ಡ್ ಕಂಡರೆ ಮೊದಲು ನೆನಪಾಗುವುದು ಫೀಸು. ಆದರೆ ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬೀದಿಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದಾಗ ಮೆಟ್ಟಿಲ ಮೇಲೆ ಅಲೆಯುತ್ತಿದ್ದ ಮಕ್ಕಳು ಅವರು. ಅಂದರೆ ನಮ್ಮ ಅಕ್ಕನ ಮಗಳಂಥವರು. ಬಡ ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ಶ್ರೀಮಂತರ ಬಡಾವಣೆ ಸೇರಿದ್ದು ಹೇಗೆ? ಮೊದಲ ಕಾರಣ ಸಾಮಗ್ರಿ. ಅಳತೆಗೆ ಸರಿಯಾಗಿ ಕೊರೆದ ಮರದ ದಿಮ್ಮಿ, ಗೋಪುರ, ಮಣಿಗಳ ಸೆಟ್ಟು. ಅದಕ್ಕೆ ಕಾಸು ಬೇಕು.

ತಾರಾಬಾಯಿಗೆ ಈ ಇಕ್ಕಟ್ಟು ಬೇಗ ಅರ್ಥವಾಯಿತು. ಭಾವನಗರ ಬಿಟ್ಟ ಮೇಲೆ 1936ರಲ್ಲಿ ಮುಂಬೈನ ದಾದರಿನಲ್ಲಿ ಶಿಶುವಿಹಾರ ಕಟ್ಟಿದರು. ಒಳ್ಳೆ ಕೇಂದ್ರ, ಶಿಕ್ಷಕಿಯರ ತರಬೇತಿಯೂ ನಡೆಯುತ್ತಿತ್ತು. ಆದರೆ ಬರುವವರು ಯಾರು? ಓದಿದ ಮಧ್ಯಮವರ್ಗದವರ ಮಕ್ಕಳು. ದಾದರಿನ ಮಕ್ಕಳಿಗೆ ಆಟದ ಶಾಲೆ, ಹಳ್ಳಿಯ ಮಕ್ಕಳಿಗೆ ಏನೂ ಇಲ್ಲ. 1939ರಲ್ಲಿ ಗಿಜುಭಾಯಿ ತೀರಿಕೊಂಡರು. ಅದೇ ವರ್ಷದ ಕೊನೆಗೆ ಮಾಂಟೆಸ್ಸರಿಯೇ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಭಾರತದಲ್ಲೇ ವರ್ಷಗಟ್ಟಲೆ ಉಳಿದು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಪದ್ಧತಿಗೆ ಪ್ರಚಾರ ಸಿಕ್ಕಿತು. ಆದರೆ ಅದು ಹಳ್ಳಿಗೆ ಹೋಗಬೇಕಾದ ದಾರಿಯನ್ನು ಬೇರೆ ಯಾರಾದರೂ ಕಡಿಯಬೇಕಿತ್ತು.

1945ರಲ್ಲಿ ತಾರಾಬಾಯಿ ಬೋರ್ಡಿಗೆ ಹೋದರು. ವಯಸ್ಸು 53. ನಮ್ಮಲ್ಲಿ ಆ ವಯಸ್ಸಿಗೆ ಸರ್ಕಾರಿ ನೌಕರರು ನಿವೃತ್ತಿಯ ಲೆಕ್ಕ ಹಾಕುತ್ತಿರುತ್ತಾರೆ. ಅವರೊಂದಿಗೆ ಅನುತಾಯಿ ವಾಘ್ ಸೇರಿಕೊಂಡರು. 35 ವರ್ಷದ ಶಿಕ್ಷಕಿ, 13ನೇ ವಯಸ್ಸಿಗೇ ವಿಧವೆಯಾಗಿ, ಹಠ ಹಿಡಿದು ಓದಿದವರು. ಒಬ್ಬರು ಗಂಡನಿಂದ ಬೇರೆಯಾದವರು, ಇನ್ನೊಬ್ಬರು ಬಾಲವಿಧವೆ. ಸಮಾಜ ಅಪಶಕುನ ಅಂದ ಇಬ್ಬರು ಹೆಂಗಸರು ಸೇರಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಶುರುಮಾಡಿದರು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಊರ ನಡುವೆ ಒಂದು ಬಾಲವಾಡಿ ತೆರೆದು ಮಕ್ಕಳು ಬರಲಿ ಅಂತ ಕಾದರು. ಬರಬೇಕಾದವರು ಬರಲಿಲ್ಲ. ದಲಿತರ ಕೇರಿಯ ಮಕ್ಕಳಿಗೂ, ವರ್ಲಿ ಆದಿವಾಸಿಗಳ ಗುಡಿಸಲಿನ ಮಕ್ಕಳಿಗೂ ಊರ ನಡುವಿನ ಆ ಬಾಗಿಲು ದಾಟಿ ಅಭ್ಯಾಸವೇ ಇರಲಿಲ್ಲ. ಎಳೆಯ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ, ದನ ಕಾಯುವ ಕೆಲಸ, ಹಸಿವು, ಮೈಮೇಲೆ ಬಟ್ಟೆ ಇಲ್ಲದ ನಾಚಿಕೆ ಎಲ್ಲ ಇತ್ತು. ಇಂಥ ಕಡೆ ನಮ್ಮ ವ್ಯವಸ್ಥೆ ಸಾಮಾನ್ಯವಾಗಿ ಏನು ಬರೆಯುತ್ತೆ ಗೊತ್ತಲ್ಲ? ಪೋಷಕರಿಗೆ ಶಿಕ್ಷಣದ ಮಹತ್ವ ತಿಳಿದಿಲ್ಲ ಅಂತ ಒಂದು ವರದಿ ಬರೆದು ಬಾಗಿಲು ಹಾಕುತ್ತೆ.

ತಾರಾಬಾಯಿ ತಪ್ಪನ್ನು ಮಕ್ಕಳ ಮೇಲೆ ಹಾಕಲಿಲ್ಲ, ಬಾಗಿಲಿನ ಮೇಲೆ ಹಾಕಿದರು. ಮಗು ಶಾಲೆಗೆ ಬರದಿದ್ದರೆ ಶಾಲೆ ಮಗುವಿನ ಹತ್ತಿರ ಹೋಗಬೇಕು ಅನ್ನುವುದು ಅವರು ಕಂಡುಕೊಂಡ ದಾರಿ. ಶಿಕ್ಷಕಿಯರು ಸಾಮಾನು ಹೊತ್ತು ಕೇರಿಗೆ, ಗುಡಿಸಲುಗಳ ನಡುವಿನ ಅಂಗಳಕ್ಕೆ ಹೋದರು. ಅಲ್ಲೇ ಗುಡಿಸಿ, ಮಕ್ಕಳ ಮೈ ತೊಳೆಸಿ, ತಲೆ ಬಾಚಿ, ತಿನ್ನಲು ಏನಾದರೂ ಕೊಟ್ಟು, ಹಾಡು, ಕತೆ, ಆಟ ಶುರುಮಾಡಿದರು. ಅದೇ ಅಂಗಣವಾಡಿ. ದನ ಕಾಯುವ ಮಕ್ಕಳು ಅಂಗಳದಲ್ಲೂ ಸಿಗುತ್ತಿರಲಿಲ್ಲ. ಅವರಿಗಾಗಿ ಹುಲ್ಲುಗಾವಲಿಗೇ ಹೋಗಿ ಪಾಠ ಮಾಡುವ ಕುರಣಶಾಲೆ ಬಂತು. ದನ ಮೇಯುತ್ತಿರುತ್ತೆ, ಮಕ್ಕಳು ಮರದ ನೆರಳಲ್ಲಿ ಕಲಿಯುತ್ತಿರುತ್ತಾರೆ. ಕಲಿಕೆಗಾಗಿ ಹೊಟ್ಟೆಪಾಡು ಬಿಟ್ಟು ಬಾ ಅಂತ ಬಡವನಿಗೆ ಹೇಳದೇ ಇರುವುದು ಎಷ್ಟು ದೊಡ್ಡ ಮರ್ಯಾದೆ ಯೋಚಿಸಿ.

ಇನ್ನು ಸಾಮಗ್ರಿಯ ಪ್ರಶ್ನೆ. ಮಾಂಟೆಸ್ಸರಿಯ ದುಬಾರಿ ಮರದ ಸೆಟ್ಟಿನ ಬದಲು ಎಲೆ, ಕಡ್ಡಿ, ಬೀಜ, ಕಲ್ಲು, ಕಡಲ ಚಿಪ್ಪು, ಮಣ್ಣು ಬಂತು. ಇದು ಬರೀ ಅಗ್ಗದ ಉಪಾಯ ಅಂತ ತಿಳಿಯಬೇಡಿ. ಅದರ ಹಿಂದೆ ಪಕ್ಕಾ ಲೆಕ್ಕಾಚಾರ ಇದೆ. ಬೀಜಗಳ ರಾಶಿಯಿಂದ ದೊಡ್ಡದು ಚಿಕ್ಕದು ಬೇರೆ ಮಾಡುವ ಮಗು ವಿಂಗಡಣೆ ಕಲಿಯುತ್ತೆ. ಒಂದೊಂದು ಕುಳಿಗೆ ಒಂದೊಂದು ಬೀಜ ಹಾಕುವಾಗ ಎಣಿಕೆ ಅಂದರೇನು ಅಂತ ಅದಕ್ಕೆ ಕೈಯಲ್ಲಿ ಗೊತ್ತಾಗುತ್ತೆ. ಬಾಯಲ್ಲಿ ನೂರರವರೆಗೆ ಒಪ್ಪಿಸುವ ಮಗುವಿಗೆ ಏಳು ಬೀಜ ಎತ್ತಿಕೊಡು ಅಂದರೆ ತಬ್ಬಿಬ್ಬಾಗುವುದನ್ನು ನಾವೆಲ್ಲ ನೋಡಿದ್ದೀವಿ. ನಮ್ಮ ಅಳಗುಳಿ ಮಣೆ ಇದನ್ನೇ ತಾನೇ ಕಲಿಸುತ್ತಿದ್ದುದು? ಹೂ ಪೋಣಿಸುವಾಗ, ಮಣ್ಣು ನಾದುವಾಗ ಬೆರಳಿನ ಸಣ್ಣ ಸ್ನಾಯು ಬಲಿಯುತ್ತೆ. ಆಮೇಲೆ ಪೆನ್ಸಿಲ್ ತಾನಾಗಿ ಕೂರುತ್ತೆ. ನಮ್ಮ ಅಕ್ಕನ ಮಗಳ ಡೈರಿಯಲ್ಲಿ ದೂರಾಗಿದ್ದು ಮಗುವಿನ ತಪ್ಪಲ್ಲ. ಪೋಣಿಸುವ, ನಾದುವ ವಯಸ್ಸಿನಲ್ಲಿ ಬರೆಸಲು ಕೂರಿಸಿದವರ ತಪ್ಪು.

ಅಮ್ಮ-ಮಗು ಆಟ, ಅಂಗಡಿ ಆಟ, ಬಸ್ಸಿನ ಆಟ ಕೂಡ ಹಾಗೇ. ಕಂಡಕ್ಟರ್ ಆದ ಮಗು ತನ್ನ ಸರದಿಗೆ ಕಾಯಬೇಕು, ಟಿಕೆಟ್ ಕೇಳಲು ಮಾತು ಜೋಡಿಸಬೇಕು, ಇನ್ನೊಬ್ಬ ಡ್ರೈವರ್ ಅಂತ ಒಪ್ಪಿಕೊಳ್ಳಬೇಕು. ಮಾತು, ತಾಳ್ಮೆ, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು, ಇಷ್ಟೂ ಆ ಆಟದೊಳಗಿದೆ. ಇದನ್ನೇ ಇವತ್ತು ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದ ಬುನಾದಿ ಹಂತ ಅಂತ ಕರೆದು ಆಟ ಆಧಾರಿತ ಕಲಿಕೆ ಬೇಕು ಅನ್ನುತ್ತಿದೆ. ದೆಹಲಿ ಅಚ್ಚು ಹಾಕಿಸಿದ್ದನ್ನು ಬೋರ್ಡಿಯ ಅಂಗಳ ಎಪ್ಪತ್ತೈದು ವರ್ಷ ಮುಂಚೆಯೇ ಮಾಡಿ ನೋಡಿತ್ತು.

ತಾರಾಬಾಯಿಯನ್ನು ಪೂಜೆಯ ಫೋಟೊ ಮಾಡುವ ಉದ್ದೇಶ ನನಗಿಲ್ಲ. ಅವರು ಬೋರ್ಡಿಗೆ ಹೋದ ಅದೇ 1945ರಲ್ಲಿ, ಅದೇ ಸೀಮೆಯಲ್ಲಿ ವರ್ಲಿ ಆದಿವಾಸಿಗಳು ಗೋದಾವರಿ ಪರುಳೇಕರ್ ಜತೆ ಸೇರಿ ಜಮೀನ್ದಾರರ ಬಿಟ್ಟಿ ಚಾಕರಿಯ ವಿರುದ್ಧ ದಂಗೆ ಎದ್ದಿದ್ದರು. ಕೆಂಬಾವುಟದ ಅಡಿಯಲ್ಲಿ ಗುಂಡೇಟನ್ನೂ ತಿಂದರು. ಆ ದಂಗೆ ಮತ್ತು ಬಾಲವಾಡಿ ಒಂದೇ ಗುಡಿಸಲಿನ ಎರಡು ಬದಿಯಲ್ಲಿ ನಡೆದವು. ಸುಧಾರಕರ ದಾರಿಗೂ ಹೋರಾಟಗಾರರ ದಾರಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತೆ. ಮೇಲ್ಜಾತಿಯಿಂದ ಬಂದ ಹೆಂಗಸರು ಆದಿವಾಸಿ ಮಗುವಿನ ಮೈ ತೊಳೆಸುವುದರಿಂದ ಪಾಠ ಶುರುಮಾಡಿದ್ದನ್ನು ಇವತ್ತು ಓದುವಾಗ ನನಗೂ ಕೊಂಚ ಕಸಿವಿಸಿ ಆಗುತ್ತೆ. ಕೊಳೆ ಇದ್ದದ್ದು ಮಗುವಿನ ಮೈಮೇಲೋ, ಅದರ ಅಪ್ಪನನ್ನು ಜೀತಕ್ಕಿಟ್ಟ ವ್ಯವಸ್ಥೆಯ ಮೇಲೋ ಅಂತ ಕೇಳಬೇಕು ಅನ್ನಿಸುತ್ತೆ.

ಆದರೆ ಇನ್ನೊಂದು ಬದಿಯನ್ನೂ ನೋಡಬೇಕು. ಮುಟ್ಟಿಸಿಕೊಳ್ಳದವರ ಮಕ್ಕಳನ್ನು ಮುಟ್ಟಿ, ಮಡಿಲಲ್ಲಿ ಕೂರಿಸಿಕೊಂಡು ತಲೆ ಬಾಚುವುದು ಆ ಕಾಲಕ್ಕೆ ಸಣ್ಣ ರಾಜಕೀಯ ಆಗಿರಲಿಲ್ಲ. ಭೂಮಿಯ ಹಕ್ಕು ಎಷ್ಟು ಮುಖ್ಯವೋ, ಆ ಭೂಮಿಯ ಮೇಲೆ ಕೂತು ಮಗು ಆಡುವ ಹಕ್ಕೂ ಅಷ್ಟೇ ಮುಖ್ಯ. ನನಗೆ ಎರಡೂ ಬೇಕು.

1957ರಲ್ಲಿ ತಾರಾಬಾಯಿ, ಅನುತಾಯಿ ಇಬ್ಬರೂ ಬೋರ್ಡಿಯಿಂದ ಕೋಸಬಾಡದ ಗುಡ್ಡಕ್ಕೆ ಹೋದರು. ಅದು ಪೂರಾ ಆದಿವಾಸಿಗಳ ನಡುವಿನ ಜಾಗ. ಶಿಶುಗಳಿಗೆ, ಬಾಲವಾಡಿ ವಯಸ್ಸಿನವರಿಗೆ, ಪ್ರಾಥಮಿಕ ಶಾಲೆಯವರಿಗೆ ಒಂದೇ ಅಂಗಳದಲ್ಲಿ ವ್ಯವಸ್ಥೆ ಮಾಡಿದರು. ಅಕ್ಕ ಕಲಿಯುವಾಗ ಅವಳ ಸೊಂಟದ ಮೇಲಿನ ತಮ್ಮನಿಗೂ ಅಲ್ಲೇ ಜಾಗ. ಇದರಿಂದ ದೊಡ್ಡ ಹೆಣ್ಣುಮಕ್ಕಳು ಶಾಲೆಗೆ ಬರಲು ಸಾಧ್ಯವಾಯಿತು. ವಿಕಾಸವಾಡಿ ಅಂತ ಅದಕ್ಕೆ ಹೆಸರು. 1962ರಲ್ಲಿ ಪದ್ಮಭೂಷಣ ಬಂತು. 1973ರ ಆಗಸ್ಟ್ 31ರಂದು ತಾರಾಬಾಯಿ ತೀರಿಕೊಂಡರು. ಅನುತಾಯಿ ಮುಂದೆ 1992ರವರೆಗೆ ಆ ಕೆಲಸ ಎಳೆದರು.

ತಾರಾಬಾಯಿ ಹೋಗುವ ಮುಂಚಿನ ವರ್ಷವೇ, ಅಂದರೆ 1972ರಲ್ಲಿ, ಮೀನಾ ಸ್ವಾಮಿನಾಥನ್ ಅಧ್ಯಕ್ಷತೆಯ ಅಧ್ಯಯನ ತಂಡ ಶಾಲಾಪೂರ್ವ ಮಗುವಿನ ಬಗ್ಗೆ ಕೇಂದ್ರಕ್ಕೆ ವರದಿ ಕೊಟ್ಟಿತ್ತು. ಅನ್ನ, ಆರೋಗ್ಯ, ಕಲಿಕೆ ಮೂರನ್ನೂ ಬೇರೆ ಬೇರೆ ಮಾಡಬೇಡಿ ಅನ್ನುವುದು ಅದರ ತಿರುಳು. 1975ರಲ್ಲಿ ಯೋಜನೆ ಬಂದಾಗ ಅದರಲ್ಲಿ ಆರು ಸೇವೆಗಳಿದ್ದವು: ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯ ಶಿಕ್ಷಣ ಮತ್ತು ಅನೌಪಚಾರಿಕ ಶಾಲಾಪೂರ್ವ ಶಿಕ್ಷಣ. ದೇಶದ ಮೇಲೆ ತುರ್ತು ಪರಿಸ್ಥಿತಿ ಹೇರಿ ಮೂರು ತಿಂಗಳು ದಾಟಿತ್ತು. ರಾಜ್ಯದಲ್ಲಿ ದೇವರಾಜ ಅರಸು ಸರ್ಕಾರ. ಆ ಹೊತ್ತಿನಲ್ಲಿ ಬೋರ್ಡಿಯ ಅಂಗಳದ ಹೆಸರು ಕಪಿಲೆ-ಕಾವೇರಿ ಸಂಗಮದ ಊರಿಗೆ ಬಂತು. ಹೆಸರು ಕೊಟ್ಟವರು ಅದನ್ನು ನೋಡಲು ಇರಲಿಲ್ಲ.

ಹೆಸರು ಬಂತು, ಸರಿ. ಅರ್ಥ ಬಂತಾ? ಆರು ಸೇವೆಗಳಲ್ಲಿ ಐದು ಹೇಗೋ ಉಳಿದವು. ಆರನೆಯದು, ಆಟದ ಮೂಲಕ ಕಲಿಕೆ, ಸಮಯ ಮಿಕ್ಕಿದರೆ ಮಾಡುವ ಕೆಲಸ ಆಯಿತು. ಇದರಲ್ಲಿ ಕಾರ್ಯಕರ್ತೆಯರ ತಪ್ಪೇನೂ ಇಲ್ಲ. ನಂಜನಗೂಡು ಮತ್ತು ನರಸೀಪುರದ ನಡುವಿನ ಯಾವುದಾದರೂ ಹಳ್ಳಿಯಲ್ಲಿ ಬಸ್ ಇಳಿದು, ಬೆಳಗ್ಗೆ ಹನ್ನೊಂದಕ್ಕೆ ಅಂಗನವಾಡಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕೂತು ನೋಡಿ. ನಾನು ಹಾಗೆ ಕೂತಿದ್ದೇನೆ. ಮೊಟ್ಟೆ, ಹಾಲಿನ ಲೆಕ್ಕ. 2017ರ ಮಾತೃಪೂರ್ಣ ಯೋಜನೆಯಲ್ಲಿ ಊಟಕ್ಕೆ ಬರುವ ಗರ್ಭಿಣಿ, ಬಾಣಂತಿಯರು. ತೂಕ ಹಾಕು, ಎತ್ತರ ಅಳೆ, ಅದನ್ನು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕು, ನೆಟ್‌ವರ್ಕ್ ಇಲ್ಲ, ಹೊರಗೆ ಬಾ, ಮತ್ತೆ ಹಾಕು. ಮೇಲಿಂದ ಸರ್ವೆ, ಚುನಾವಣೆ ಕೆಲಸ. ಮೂಲೆಯಲ್ಲಿ ಕೂತ ಹನ್ನೆರಡು ಮಕ್ಕಳ ಜತೆ ಆ ಟೀಚರಮ್ಮ ಆಡಿದ್ದು, ನಾನು ಎಣಿಸಿದ ಹಾಗೆ, ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಮಕ್ಕಳ ಮುಖ ಬೇರೆಯೇ ಇತ್ತು.

ಊಟ ಬೇಡ ಅಂತ ನಾನು ಹೇಳುತ್ತಿಲ್ಲ. ಹಸಿದ ಮಗು ಆಡಲ್ಲ. ತಾರಾಬಾಯಿ ಕೂಡ ತಿನ್ನಿಸಿಯೇ ಆಟಕ್ಕೆ ಕೂರಿಸಿದ್ದು. ಆದರೆ ಬಡವರ ಮಗುವಿಗೆ ಹೊಟ್ಟೆ ಮಾತ್ರ ಇದೆ, ಶ್ರೀಮಂತರ ಮಗುವಿಗೆ ಮೆದುಳೂ ಇದೆ ಅನ್ನುವ ಹಾಗೆ ವ್ಯವಸ್ಥೆ ನಡೆದುಕೊಳ್ಳುವುದನ್ನು ಒಪ್ಪೋಕಾಗಲ್ಲ.

ಇದರ ಫಲ ಕಣ್ಣ ಮುಂದಿದೆ. ಕೂಲಿ ಮಾಡುವವರೂ ಸಾಲ ಮಾಡಿ ಎಲ್‌ಕೆಜಿ ಫೀಸು ಕಟ್ಟುತ್ತಿದ್ದಾರೆ. ಅಂಗನವಾಡಿಯಲ್ಲಿ ಉಳಿಯುವವರು ಎಲ್ಲೂ ಹೋಗಲಾಗದವರ ಮಕ್ಕಳು. ಅಲ್ಲೂ ದಲಿತ ಸಹಾಯಕಿ ಅಡುಗೆ ಮಾಡಿದರೆ ಮಕ್ಕಳನ್ನು ಕಳಿಸದ ಊರುಗಳ ಸುದ್ದಿ ಆಗಾಗ ಓದುತ್ತೇವೆ. ಬೋರ್ಡಿಯಲ್ಲಿ ಒಂದು ಕೇರಿಯ ಮಕ್ಕಳು ಒಳಗೆ ಬರಲಾಗುತ್ತಿರಲಿಲ್ಲ. ಇಲ್ಲಿ ಇನ್ನೊಂದು ಬೀದಿಯವರು ತಾವಾಗಿಯೇ ಹೊರಗೆ ಹೋಗುತ್ತಿದ್ದಾರೆ. ಎಲ್ಲ ಬೀದಿಯ ಮಕ್ಕಳು ಒಟ್ಟಿಗೆ ಮಣ್ಣಾಡುವ ಏಕೈಕ ಸರ್ಕಾರಿ ಜಾಗ ಕರಗಿ ಹೋಗುತ್ತಿದೆ.

ಸರ್ಕಾರ ಇದಕ್ಕೆ ಕಂಡುಕೊಂಡ ಒಂದು ಉತ್ತರ, ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವುದು. 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಇದರ ವಿರುದ್ಧ ಬೆಂಗಳೂರಿನ ಬೀದಿಗಿಳಿದರು. ಮೂರರಿಂದ ಆರು ವರ್ಷದ ಮಕ್ಕಳನ್ನೇ ಕಿತ್ತುಕೊಂಡರೆ ನಾವು ಯಾರಿಗೆ ಕಲಿಸೋದು ಅನ್ನುವುದು ಅವರ ಪ್ರಶ್ನೆ. ಆಮೇಲೆ ಅದೇ ವರ್ಷ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಹೆಸರಲ್ಲಿ ತರಗತಿ ಶುರುವಾದವು. ಬೋರ್ಡು ಬದಲಾಯಿತು. ಆದರೆ ಒಳಗೆ ಬರುವುದು ಬೀಜ, ಮಣ್ಣು, ಕತೆಯೋ, ಅಥವಾ ಬರೀ ಕಾಪಿ ಪುಸ್ತಕವೋ? ಎಲ್ಲ ನಿಂತಿರುವುದು ಅದರ ಮೇಲೆ. ರಾಜ್ಯದ ಅಂಗನವಾಡಿಗಳಿಗೆ ಚಿಲಿಪಿಲಿ ಅನ್ನುವ ಚಟುವಟಿಕೆ ಪುಸ್ತಕ ಈಗಾಗಲೇ ಇದೆ. ಪುಸ್ತಕದ ಕೊರತೆಗಿಂತ ಹೆಚ್ಚಾಗಿ ಅದನ್ನು ಮಾಡಿಸುವ ಕೈಗೆ ಬಿಡುವಿನ ಕೊರತೆ ಇದೆ.

ಆ ಕೈಗೆ ಸಿಗುವ ದುಡ್ಡಿಗೆ ಸರ್ಕಾರ ಇಟ್ಟಿರುವ ಹೆಸರು ಗೌರವಧನ. ಸಂಬಳ ಅಲ್ಲ. ಅಂದರೆ ಕಾನೂನಿನ ಕಣ್ಣಲ್ಲಿ ಇವರು ಪೂರ್ಣ ಪ್ರಮಾಣದ ನೌಕರರಲ್ಲ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಅಂತ ಹೇಳಬೇಕಾಯಿತು. ಯೋಜನೆ ಶುರುವಾಗಿ ಅಷ್ಟೊತ್ತಿಗೆ 47ನೇ ವರ್ಷ ನಡೆಯುತ್ತಿತ್ತು. ಇನ್ನೊಂದು ಕಡೆ, ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಆರು ವರ್ಷ ತುಂಬಿದ ಮೇಲೆ. ಮೂರರಿಂದ ಆರರ ಮಗುವಿಗೆ ವ್ಯವಸ್ಥೆ ಮಾಡಬಹುದು ಅಂತ ಅದು ಹೇಳುತ್ತೆ, ಮಾಡಲೇಬೇಕು ಅನ್ನಲ್ಲ. ಕಲಿಸುವವಳು ನೌಕರಳಲ್ಲ, ಕಲಿಯುವ ಮಗುವಿಗೆ ಹಕ್ಕಿಲ್ಲ. ಇವೆರಡರ ನಡುವೆ ಆಟ ಎಲ್ಲಿಂದ ಬರಬೇಕು?

ನಮ್ಮ ವಯಸ್ಸಿನವರು ಮೀಸಲಾತಿ, ಉದ್ಯೋಗ, ವಿಶ್ವವಿದ್ಯಾಲಯದ ಫೀಸು ಅಂತ ಹೋರಾಡುತ್ತೇವೆ. ಹೋರಾಡಲೇಬೇಕು. ಆದರೆ ಅಸಮಾನತೆ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಶುರುವಾಗಲ್ಲ, ಮೂರನೇ ವರ್ಷಕ್ಕೇ ಶುರುವಾಗಿರುತ್ತೆ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿ ಜತೆಗೆ ಅಂಗನವಾಡಿ ಬಗ್ಗೆಯೂ ಮೂರು ಪ್ರಶ್ನೆ ಕೇಳೋಣ. ನಮ್ಮೂರ ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಆಡುತ್ತಾರೆ? ಆಡಿಸುವುದಕ್ಕೇ ಅಂತ ಇನ್ನೊಬ್ಬ ಶಿಕ್ಷಕಿ ಯಾಕಿಲ್ಲ? ಎಲ್ಲ ಬೀದಿಯ ಮಕ್ಕಳೂ ಬರುತ್ತಿದ್ದಾರಾ? ಮೂರಕ್ಕೂ ಆ್ಯಪ್‌ನಲ್ಲಿ ಉತ್ತರ ಸಿಗಲ್ಲ, ಅಂಗಳಕ್ಕೇ ಹೋಗಿ ನೋಡಬೇಕು.

ಅಕ್ಕ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಕಳೆದ ಭಾನುವಾರ ಅವಳ ಮನೆಗೆ ಹೋದಾಗ ಹುಣಸೆ ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಮಗಳು ಬೀಜಗಳನ್ನು ಐದೈದರ ಗುಡ್ಡೆ ಮಾಡಿ, ಒಂದು ಗುಡ್ಡೆ ಅಮ್ಮನಿಗೆ, ಒಂದು ಅಪ್ಪನಿಗೆ, ಒಂದು ಮಾಮನಿಗೆ ಅಂತ ಹಂಚುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಕುಟ್ಟುವುದು ನಿಲ್ಲಿಸಿ ಸುಮ್ಮನೆ ನೋಡುತ್ತಾ ಕೂತಳು. ನಾನೂ ಏನೂ ಹೇಳಲು ಹೋಗಲಿಲ್ಲ.